ಟ್ರ್ಯಾಕ್ ಬೇಡ, ದಾರಿ ಬಿಡಿ

ನಮ್ಮ ಹಳ್ಳಿಗಳ ಅಭಿವೃದ್ಧಿ ಪಟ್ಟಿಗೆ ಈಚೆಗೆ ಹೊಸದೊಂದು ಬಾಬ್ತು ಸೇರಿಕೊಂಡಿದೆ. ಮೊದಲು ಸಮುದಾಯ ಭವನ ಬಂತು, ಆಮೇಲೆ ಹೈಮಾಸ್ಟ್ ದೀಪ, ಆಮೇಲೆ ಓಪನ್ ಜಿಮ್. ಈಗ ಜಾಗಿಂಗ್ ಟ್ರ್ಯಾಕ್. ಕೆರೆ ಏರಿ ಕಂಡರೆ ಟ್ರ್ಯಾಕ್, ಗುಂಡುತೋಪು ಕಂಡರೆ ಟ್ರ್ಯಾಕ್, ಅರಣ್ಯ ಇಲಾಖೆಯ ನೆಡುತೋಪು ಕಂಡರೆ ಅದರೊಳಗೂ ಟ್ರ್ಯಾಕ್. ಇದರ ಮಾದರಿ ಎಲ್ಲ ಕಡೆಯೂ ಒಂದೇ. ಮರಗಳ ನಡುವೆ ಜೆಸಿಬಿ ಓಡಿಸಿ ನೆಲ ಸಮ ಮಾಡುವುದು, ಮೇಲೆ ಕೆಂಪು, ಬೂದು ಬಣ್ಣದ ಇಂಟರ್‌ಲಾಕ್ ಕಲ್ಲು ಕೂರಿಸುವುದು, ಸುತ್ತ ತಂತಿಬೇಲಿ, ಮುಂದೆ ಕಬ್ಬಿಣದ ಗೇಟು, ಗೇಟಿನ ಮೇಲೊಂದು ಕಮಾನು, ಕಮಾನಿನ ಮೇಲೆ ಊರಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಅನುದಾನ ತಂದವರ ಹೆಸರು.

ನಾನು ಇದನ್ನು ವಿರೋಧಿಸುತ್ತೇನೆ. ಓಟದ ಮೇಲೆ ನನಗೆ ಸಿಟ್ಟಿಲ್ಲ; ಕಾಲೇಜಿನ ದಿನಗಳಿಂದ ಓಡುತ್ತಿರುವವಳು ನಾನು. ಮರದ ನೆರಳಲ್ಲಿ, ಮಣ್ಣಿನ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ ಓಡುವ ಸುಖ ನಮ್ಮ ಹಳ್ಳಿಗಳ ಪ್ರತಿಯೊಬ್ಬರಿಗೂ ಸಿಗಬೇಕು ಅನ್ನುವ ಕಾರಣಕ್ಕೇ ಈ ಟ್ರ್ಯಾಕುಗಳನ್ನು ವಿರೋಧಿಸುತ್ತಿದ್ದೇನೆ. ಊರಿಗೆ ಬೇಕಿರುವುದು ದಾರಿ. ಕೊಡುತ್ತಿರುವುದು ಬೇಲಿ.

ನಮ್ಮದು ಭಾರತೀನಗರದ ಮಗ್ಗುಲಿನ ಹಳ್ಳಿ. ಭಾರತೀನಗರ ಅನ್ನುವುದು ಬೋರ್ಡಿನ ಹೆಸರು. ಜನರ ಬಾಯಲ್ಲಿ ಅದು ಇವತ್ತಿಗೂ ಕೆ.ಎಂ. ದೊಡ್ಡಿ, ಕಾಳಮುದ್ದನದೊಡ್ಡಿ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಊರನ್ನು ಸೀಳಿಕೊಂಡು ಹೋಗುತ್ತದೆ. ಇಲ್ಲಿ ಕಾಲೇಜು ಇದೆ, ಸಕ್ಕರೆ ಕಾರ್ಖಾನೆ ಇದೆ, ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಕಬ್ಬು, ಭತ್ತ ಇದೆ. ದಟ್ಟ ಕಾಡು ಇಲ್ಲ. ನಮ್ಮ ಪಾಲಿನ ಕಾಡು ಅಂದರೆ ಅಲ್ಲೊಂದು ಇಲ್ಲೊಂದು ಉಳಿದ ಗುಂಡುತೋಪು, ಕೆರೆಯಂಗಳದ ಜಾಲಿ, ಹಳ್ಳದ ದಡದ ಹೊಂಗೆ, ಬೀಳು ನೆಲದ ಕಾರೆ, ಎಲಚಿ, ತಂಗಡಿ ಪೊದೆ.

ಇಂಥ ಊರಲ್ಲಿ ಬೆಳಗಿನ ಐದು ಗಂಟೆಗೆ ಓಡುವವರು ಯಾರು ಅಂತ ನೋಡಬೇಕು. ಪಟ್ಟಣದವರು ಜಾಗಿಂಗ್ ಅನ್ನುತ್ತಾರಲ್ಲ, ಆ ಮನಸ್ಸಿನಲ್ಲಿ ಓಡುವವರು ಕಡಿಮೆ. ಓಡುವವರಲ್ಲಿ ಹೆಚ್ಚಿನವರು ಕೆಲಸಕ್ಕಾಗಿ ಓಡುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಟ್ಟಬೇಕು, ಹುಡುಗಿಯರು 400 ಮೀಟರ್ ದೂರವನ್ನು 2 ನಿಮಿಷದಲ್ಲಿ. "ಆರೂವರೆ ಕಣಕ್ಕ. ಒಂದ್ ಸೆಕೆಂಡ್ ಜಾಸ್ತಿ ಆದ್ರೂ ಸೀದಾ ಮನೆಗೆ" ಅಂತ ನಮ್ಮ ಬೀದಿಯ ಹುಡುಗನೊಬ್ಬ ನನಗೆ ಹೇಳಿದ್ದ. ಅವನ ಓಟದಲ್ಲಿ ಮನೆಯ ಸಾಲ ಇದೆ, ತಂಗಿಯ ಓದು ಇದೆ. ಅವನ ಟ್ರ್ಯಾಕು ಮದ್ದೂರು–ಮಳವಳ್ಳಿ ರಸ್ತೆಯ ಬಿಳಿಗೆರೆಯ ಆಚೆಗಿನ ಒಂದೂವರೆ ಅಡಿ ಜಾಗ.

ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಡೆಯುವವರು ಇನ್ನೊಂದು ಗುಂಪು. ನೈಟಿ ಮೇಲೆ ಟವೆಲ್ಲೋ ಸ್ವೆಟರ್ರೋ ಹೊದ್ದ ಹೆಂಗಸರು, ಮಂಕಿಕ್ಯಾಪಿನ ಮುದುಕರು. ಡಾಕ್ಟರು "ದಿನಾ ಮುಕ್ಕಾಲು ಗಂಟೆ ನಡೀರಿ" ಅಂದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಸಕ್ಕರೆ ನಾಡಿನಲ್ಲಿ ಸಕ್ಕರೆ ಕಾಯಿಲೆ ಅಂತ ನಾವು ನಗೆಯಾಡುವುದುಂಟು. ಕಬ್ಬು ಅರೆಯುವ ಕಾಲದಲ್ಲಿ ಆ ನಗೆ ನಿಲ್ಲುತ್ತದೆ. ಎರಡೆರಡು ಟ್ರೈಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಎರಡೂ ಮಗ್ಗುಲಿಗೆ ಕಬ್ಬಿನ ಜಲ್ಲೆ ಚಾಚಿಕೊಂಡು ಬರುವ ಟ್ರ್ಯಾಕ್ಟರಿನ ಪಕ್ಕದಲ್ಲೇ ಈ ಹೆಂಗಸರು ಆರೋಗ್ಯ ಹುಡುಕಿಕೊಂಡು ನಡೆಯುತ್ತಾರೆ. ನಾಲೆ ಏರಿಗೆ ಹೋಗಿ ಅನ್ನುವವರು 2018ರ ನವೆಂಬರ್ 24ನ್ನು ನೆನೆಸಿಕೊಳ್ಳಲಿ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ವಾಹನ ಓಡಾಡುವ, ತಡೆಗೋಡೆ ಇಲ್ಲದ ಏರಿಯನ್ನು ನಡಿಗೆಯ ಜಾಗ ಅಂತ ತೋರಿಸುವುದು ಕೈತೊಳೆದುಕೊಳ್ಳುವ ಮಾತು.

ಹಾಗಾಗಿ ಇವರಿಗೆ ಜಾಗ ಬೇಕು ಅನ್ನುವುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅದರ ಹೆಸರಲ್ಲಿ ಕೊಡುತ್ತಿರುವ ವಸ್ತುವಿನ ಮೇಲೆ.

ಮೊದಲು ಕಾಲ ಕೆಳಗಿನ ನೆಲವನ್ನೇ ನೋಡೋಣ. ಇಂಟರ್‌ಲಾಕ್ ಕಲ್ಲು ಹಾಸುವುದು ಬಸ್‌ಸ್ಟ್ಯಾಂಡಿಗೆ, ಪೆಟ್ರೋಲ್ ಬಂಕಿಗೆ. ಮರದಡಿ ಹಾಸಿದರೆ ಎರಡು ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಬೇರು ಎದ್ದು ಕಲ್ಲು ಓರೆಯಾಗುತ್ತದೆ, ಓಡುವವನ ಕಾಲು ಉಳುಕುತ್ತದೆ. ಮರಕ್ಕೆ ಆಗುವ ಕೇಡು ಕಣ್ಣಿಗೆ ಬೇಗ ಕಾಣುವುದಿಲ್ಲ. ನೀರು, ಗಾಳಿ ಎಳೆದುಕೊಳ್ಳುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ. ಜೆಸಿಬಿ ಕೆರೆದು ಹಾಕುವುದೂ ರೋಲರ್ ಒತ್ತಿ ಗಟ್ಟಿ ಮಾಡುವುದೂ ಅದನ್ನೇ. ಹುಣಸೆ ತಕ್ಷಣ ಸಾಯುವುದಿಲ್ಲ, ವರ್ಷ ವರ್ಷ ಒಂದೊಂದು ಕೊಂಬೆ ಒಣಗಿಸಿಕೊಳ್ಳುತ್ತದೆ. ನೆರಳಿಗಾಗಿ ತೋಪನ್ನು ಆರಿಸಿಕೊಂಡ ಯೋಜನೆ ನೆರಳನ್ನೇ ತಿಂದು ಮುಗಿಸುತ್ತದೆ. ಇನ್ನು ಅಳತೆ. ಎರಡೆಕರೆ ತೋಪಿನೊಳಗೆ ಸುತ್ತು ಹೊಡೆಯುವ ಮುನ್ನೂರು ಮೀಟರಿನ ಟ್ರ್ಯಾಕಿನಲ್ಲಿ 1600 ಮೀಟರ್ ಓಡಬೇಕಾದವನು ಐದಕ್ಕೂ ಹೆಚ್ಚು ಸುತ್ತು ಹಾಕಬೇಕು. ಸುತ್ತಿಗೆ ನಾಲ್ಕು ತಿರುವು, ತಿರುವಿಗೊಂದು ಕಲ್ಲುಬೆಂಚು. ಓಡುವವರನ್ನು ಒಂದು ಮಾತು ಕೇಳದೆ ಮಾಡಿದ ಟ್ರ್ಯಾಕ್ ಇದು ಅನ್ನಲು ಇಷ್ಟು ಸಾಕು.

ಜಾಗಿಂಗ್ ಅನ್ನುವುದನ್ನು ಜಗತ್ತಿಗೆ ಹಬ್ಬಿಸಿದವರು ಇಂಥದ್ದನ್ನು ಕೇಳಿರಲಿಲ್ಲ. 1960ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಓಟದ ಗುರು ಆರ್ಥರ್ ಲಿಡಿಯಾರ್ಡ್, ಹೃದಯದ ತೊಂದರೆ ಇದ್ದವರನ್ನೂ ನಿಧಾನವಾಗಿ ಓಡಲು ಹಚ್ಚಿದ. 1962ರಲ್ಲಿ ಅದನ್ನು ಕಣ್ಣಾರೆ ಕಂಡುಹೋದ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್, 1967ರಲ್ಲಿ ಒಬ್ಬ ಹೃದಯವೈದ್ಯರ ಜೊತೆ ಸೇರಿ ಪುಸ್ತಕ ಬರೆದ. ಪದ ಹಬ್ಬಿತು. ಗುಡ್ಡ, ಹುಲ್ಲು, ಹಳ್ಳಿಯ ದಾರಿ, ಎಲ್ಲಿ ಜಾಗ ಇತ್ತೋ ಅಲ್ಲಿ ಜನ ಓಡಿದರು. ಫಿನ್‌ಲೆಂಡಿನಲ್ಲಿ ಕಾಡಿನ ನಡುವೆ ಓಡುವವರಿಗೆಂದೇ ಮಾಡಿದ ದಾರಿಗಳಿಗೆ ಇವತ್ತಿಗೂ ಹಾಸುವುದು ಮರದ ಹೊಟ್ಟು, ಚೂರು. ಮರದಿಂದ ಬಂದದ್ದು ಮರದ ಬುಡಕ್ಕೇ ಸೇರಿ ಮಣ್ಣಾಗುತ್ತದೆ. ನಮ್ಮಲ್ಲಿ ತರಗೆಲೆ ಪುಕ್ಕಟೆ ಬೀಳುತ್ತದೆ. ಅದನ್ನು ಗುಡಿಸಿ ಬೆಂಕಿ ಹಚ್ಚಿ, ಸಿಮೆಂಟಿನ ಕಲ್ಲು ತರಿಸುತ್ತೇವೆ.

ಯಾಕೆ ಹೀಗೆ ಅಂದರೆ ಉತ್ತರ ಊರಿನ ಎಲ್ಲರಿಗೂ ಗೊತ್ತು. ಮಣ್ಣಿನ ದಾರಿಗೆ ದೊಡ್ಡ ಬಿಲ್ಲು ಆಗುವುದಿಲ್ಲ. ಹತ್ತು ಆಳು ನಾಲ್ಕು ದಿನ ಗುದ್ದಲಿ ಹಿಡಿದರೆ ಮುಗಿಯುವ ಕೆಲಸಕ್ಕೆ ಟೆಂಡರ್ ಬೇಡ, ಉದ್ಘಾಟನೆ ಬೇಡ, ಕಮಾನು ಬೇಡ. ಮುರಿದುಹೋಗುವ ವಸ್ತುವಿಗೆ ಮಾತ್ರ ದುರಸ್ತಿಯ ಅನುದಾನ ಬರುತ್ತದೆ.

ನೆಲಕ್ಕಿಂತ ದೊಡ್ಡ ತಕರಾರು ಗೇಟಿನದು. ತೋಪಿಗೆ ಬೇಲಿ ಬಿದ್ದ ದಿನ ಅಲ್ಲಿಂದ ಆಚೆ ಹೋಗುವವರು ಯಾರು? ಮೇಕೆ ಹೊಡೆದುಕೊಂಡು ಬರುವ ಹುಡುಗ, ಹೊಂಗೆ ಬೀಜ ಆಯುವ ಅಜ್ಜಿ, ಸೌದೆ ಪುಳ್ಳೆ ಹೊರುವ ಹೆಂಗಸು, ಮಧ್ಯಾಹ್ನ ನೆರಳಲ್ಲಿ ತಲೆ ಊರುವ ಕೂಲಿಯಾಳು. ಇವರು ಯಾರೂ ವ್ಯಾಯಾಮ ಮಾಡಲು ಬರುವವರಲ್ಲ. ಬೋರ್ಡಿನಲ್ಲಿ ಬರೆದ ಹೊತ್ತು ಇವರ ಹೊತ್ತಲ್ಲ. ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ, ಸಂಜೆ ಇಷ್ಟರಿಂದ ಇಷ್ಟರವರೆಗೆ ಅಂತ ಬರೆದರೆ ನಡುವಿನ ಬಿಸಿಲ ಹೊತ್ತಿನ ನೆರಳು ಯಾರಿಗೆ? ಮರಕ್ಕೂ ಮನುಷ್ಯರಿಗೂ ನೂರು ಬಗೆಯ ನಂಟಿದ್ದ ಜಾಗವನ್ನು ಒಂದೇ ಕೆಲಸಕ್ಕೆ ಇಳಿಸುವುದು, ಆ ಕೆಲಸಕ್ಕೆ ಬಾರದವರನ್ನು ಅತಿಕ್ರಮಣಕಾರರು ಅನ್ನುವುದು. ಟ್ರ್ಯಾಕಿನ ರಾಜಕಾರಣ ಇಷ್ಟೇ.

ಸರ್ಕಾರದ ಟ್ರೀ ಪಾರ್ಕುಗಳಿಗೆ ಸಾಲುಮರದ ತಿಮ್ಮಕ್ಕನ ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ಆ ತಾಯಿ ಮಾಡಿದ್ದೇನು ಅನ್ನುವುದನ್ನು ಒಮ್ಮೆ ಯೋಚಿಸಬೇಕಿತ್ತು. 2025ರ ನವೆಂಬರ್‌ನಲ್ಲಿ ತೀರಿಕೊಂಡ ತಿಮ್ಮಕ್ಕ, ಗಂಡ ಚಿಕ್ಕಯ್ಯನ ಜೊತೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು 385 ಆಲದ ಮರ. ಬೆಳೆಸಿದ್ದು ದಾರಿಯಲ್ಲಿ. ಹೋಗುವವರು ಬರುವವರು ಯಾರೇ ಇರಲಿ, ಅವರ ತಲೆ ಮೇಲೆ ನೆರಳಿರಲಿ ಅಂತ. ಆ ಸಾಲಿಗೆ ಗೇಟಿಲ್ಲ, ಟಿಕೆಟಿಲ್ಲ, ಹೊತ್ತುಗೊತ್ತಿಲ್ಲ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡಲು ಆ ಮರಗಳಿಗೇ ಕೊಡಲಿ ಬೀಳುವ ಹೊತ್ತು ಬಂದಾಗ ಆ ಅಜ್ಜಿಯೇ ಮುಖ್ಯಮಂತ್ರಿಯ ಬಳಿ ಹೋಗಿ ಮರ ಉಳಿಸಿ ಅಂತ ಕೇಳಬೇಕಾಯಿತು. ಆ ರಸ್ತೆಯ ಕೊನೆಯ ಹಲಗೂರು ನಮ್ಮ ಮಳವಳ್ಳಿ ತಾಲ್ಲೂಕಿನದೇ. ತಿಮ್ಮಕ್ಕನ ಹೆಸರನ್ನು ಬೇಲಿಯೊಳಗಿನ ಉದ್ಯಾನಕ್ಕೆ ಇಟ್ಟು, ತಿಮ್ಮಕ್ಕನ ಮಾದರಿಯ ಸಾಲುಮರವನ್ನು ರಸ್ತೆಗೆ ಬಲಿ ಕೊಡಲು ಹೊರಡುವ ಬುದ್ಧಿಗೆ ಏನನ್ನಬೇಕು?

ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡಹೊರಟಾಗ ಅದನ್ನು ಎದುರಿಸಿ ಬೀದಿಗೆ ಬಂದವರಲ್ಲಿ ಆ ಕಾಡಿನಲ್ಲಿ ದಿನಾ ನಡೆಯುವವರು, ಓಡುವವರೇ ಬಹಳ ಮಂದಿ ಇದ್ದರು. ಕಾಡನ್ನು ಕಾಡಾಗಿಯೇ ಬಿಡಿ ಅಂದರು. ಅದು ಬೆಂಗಳೂರು, ಕ್ಯಾಮೆರಾ ಬಂತು, ಪತ್ರಿಕೆ ಬರೆಯಿತು. ನಮ್ಮ ತೋಪಿಗೆ ಬರುವ ಜೆಸಿಬಿಯ ಮುಂದೆ ನಿಲ್ಲಲು ಯಾರಿದ್ದಾರೆ? ತುರಹಳ್ಳಿ ಉಳಿಯಲಿ ಅಂತ ಸಹಿ ಹಾಕಿದ ನಮ್ಮಂಥ ಓದಿದವರಿಗೆ ಸ್ವಂತ ಊರಿನ ಗುಂಡುತೋಪಿನ ಸರ್ವೆ ನಂಬರ್ ಗೊತ್ತಿಲ್ಲ.

ಸರ್ವೆ ನಂಬರ್ ಅಂದೆ. ನಾನು ಓದುತ್ತಿರುವುದು ಕನ್ನಡ ಸಾಹಿತ್ಯ. ಸಂಶೋಧನೆಯ ನೆಪದಲ್ಲಿ ಕಾದಂಬರಿಗಳ ಜೊತೆಗೆ ಹಳೆಯ ಜಮೀನು ಕಾಗದಗಳನ್ನೂ ಓದುವ ಚಟ ಅಂಟಿಕೊಂಡಿದೆ. ಯಾವುದೇ ಊರಿನ ಗ್ರಾಮನಕಾಶೆ ತೆಗೆದು ನೋಡಿ. ಊರಿಂದ ಊರಿಗೆ, ಊರಿಂದ ಕೆರೆಗೆ, ಕೆರೆಯಿಂದ ತೋಪಿಗೆ, ತೋಪಿನಿಂದ ಸ್ಮಶಾನಕ್ಕೆ ಚುಕ್ಕೆ ಚುಕ್ಕೆಯ ಗೆರೆಗಳು ಹರಿದಾಡುತ್ತವೆ. ಅವು ಬಂಡಿದಾರಿ, ಕಾಲುದಾರಿ. ದಾಖಲೆಯಲ್ಲಿ ಇವು ಬಿ ಖರಾಬು, ಅಂದರೆ ಸಾರ್ವಜನಿಕರಿಗಾಗಿ ಬಿಟ್ಟ ನೆಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಮು ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಸ್ವತ್ತು ಅನ್ನುತ್ತದೆ. 71ನೇ ಕಲಮು ಊರದನದ ಮೇವಿನಂಥ ಸಾರ್ವಜನಿಕ ಕೆಲಸಗಳಿಗೆ ನೆಲ ತೆಗೆದಿರಿಸಲು ಹೇಳುತ್ತದೆ. 1966ರ ನಿಯಮಗಳ 97ನೇ ನಿಯಮ ಪ್ರತಿ 100 ದನಕ್ಕೆ 30 ಎಕರೆ ಗೋಮಾಳ ಅಂತ ಲೆಕ್ಕವನ್ನೇ ಕೊಟ್ಟಿದೆ. ಕಾಗದದ ಮೇಲೆ ನಮ್ಮ ಹಳ್ಳಿಗಳಲ್ಲಿ ನಡೆಯಲು, ಓಡಲು ಬೇಕಾದಷ್ಟು ಜಾಗ ಇದೆ.

ನೆಲದ ಮೇಲೆ ಆ ಗೆರೆಗಳನ್ನು ಹುಡುಕಿಕೊಂಡು ಹೋದರೆ ಕಬ್ಬಿನ ಗದ್ದೆಗೆ ಮುಖ ಕೊಟ್ಟು ನಿಲ್ಲಬೇಕಾಗುತ್ತದೆ. ದಾರಿ ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ. ವರ್ಷಕ್ಕೆ ಒಂದು ಸಾಲು ಉಳುಮೆ ಈಚೆಗೆ ಬರುತ್ತದೆ, ಬದು ಸರಿಯುತ್ತದೆ, ಬಾಂದುಕಲ್ಲು ಕಾಲು ಬಂದಂತೆ ನಡೆಯುತ್ತದೆ. ಬಂಡಿ ಹೋಗುತ್ತಿದ್ದ ಕಡೆ ಸೈಕಲ್ ಹೋಗುತ್ತದೆ, ಸೈಕಲ್ ಹೋಗುತ್ತಿದ್ದ ಕಡೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುತ್ತಾನೆ, ಕೊನೆಗೆ ಅದೂ ಇಲ್ಲ. ಗುಂಡುತೋಪಿನ ಕಥೆಯೂ ಹೀಗೆಯೇ. ಬೆಂಗಳೂರಿನ ಸುತ್ತಲಿನ ಗುಂಡುತೋಪುಗಳ ಬಗ್ಗೆ ಹರಿಣಿ ನಾಗೇಂದ್ರ, ಸೀಮಾ ಮುಂಡೋಲಿ ಅವರು ಮಾಡಿದ ಅಧ್ಯಯನಗಳನ್ನು ಓದಿದರೆ ಊರಿನ ಸ್ವತ್ತು ಹೇಗೆ ಕಟ್ಟಡವಾಗಿ, ರಸ್ತೆಯಾಗಿ, ಕಸದ ಗುಂಡಿಯಾಗಿ ಕರಗುತ್ತದೆ ಅನ್ನುವುದು ತಿಳಿಯುತ್ತದೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರಿನ ಸಾರ್ವಜನಿಕ ನೆಲವನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಒಪ್ಪಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಈಗ ಟ್ರ್ಯಾಕ್ ಹಾಕಲು ಉತ್ಸಾಹ ತೋರುವವರು ಒತ್ತುವರಿ ಬಿಡಿಸುವ ಮಾತೆತ್ತಿದರೆ ಯಾಕೆ ತಲೆ ಕೆರೆದುಕೊಳ್ಳುತ್ತಾರೆ? ಒತ್ತಿದವರು ಓಟು ಹಾಕಿಸುವವರು, ಮೇಕೆ ಹುಡುಗನಿಗೆ ಇನ್ನೂ ಓಟೇ ಇಲ್ಲ.

ಊರ ನೆಲವನ್ನು ಪಾಳು ಅಂತ ಕರೆದು ಕಿತ್ತುಕೊಳ್ಳುವುದು ಹೊಸ ಕಥೆಯಲ್ಲ. 1980ರ ದಶಕದಲ್ಲಿ ಸರ್ಕಾರವೂ ಖಾಸಗಿ ಕಾರ್ಖಾನೆಯೂ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿಗಾಗಿ ಕೊಡಹೊರಟಾಗ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತಲೇ ಅದಕ್ಕೆ ಹೆಸರು. ಸಾಹಿತಿಯೊಬ್ಬರು ಊರ ಗೋಮಾಳಕ್ಕಾಗಿ ಅರ್ಜಿದಾರರಾದ ನಾಡು ಇದು. ಸಾಹಿತ್ಯ ಓದುವ ನಾವು ಇವತ್ತು ತೋಪಿನ ಬಗ್ಗೆ ಪದ್ಯ ಬರೆಯುತ್ತೇವೆ, ತೋಪಿನ ಪಹಣಿ ತೆಗೆಸುವುದಿಲ್ಲ.

ಇಲ್ಲಿ ನನಗೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದು. "ಹಳೇ ಕಾಲದ ದಾರಿ ಅಂತ ಹಾಡಿ ಹೊಗಳಬೇಡ. ಆ ದಾರೀಲಿ ಎಲ್ಲಾರೂ ನಡೆಯಕ್ಕೆ ಆಯ್ತಿತ್ತಾ?" ಆಗುತ್ತಿರಲಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತೆರೆದುಕೊಳ್ಳುವುದೇ ಕಾಡುದಾರಿಯಲ್ಲಿ ನಾಯಿಯೊಂದಿಗೆ ಹೊರಟ ನಾಯಿಗುತ್ತಿಯಿಂದ. ಆ ಕಾಡಿನ ದಾರಿಯೆಲ್ಲ ಬಲ್ಲ ಗುತ್ತಿ ಒಬ್ಬ ಜೀತದಾಳು. ಕಾಡಿನಲ್ಲಿ ದೊರೆಯಂತೆ ನಡೆಯುವವನು ಗೌಡರ ಅಂಗಳದಲ್ಲಿ ದೂರ ನಿಲ್ಲಬೇಕು. ಸಿದ್ಧಲಿಂಗಯ್ಯನವರು ಆತ್ಮಕಥೆಗೆ 'ಊರುಕೇರಿ' ಅಂತ ಹೆಸರಿಟ್ಟದ್ದು ಸುಮ್ಮನೆಯೇ? ಊರಿಗೂ ಕೇರಿಗೂ ನಡುವಿನ ದಾರಿ ನಮ್ಮ ಹಳ್ಳಿಗಳ ಅತ್ಯಂತ ಉದ್ದದ ದಾರಿ. 1924ರಲ್ಲಿ ಕೇರಳದ ವೈಕಂ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ. ಗುಡಿಯೊಳಗೆ ಹೋಗುವ ಮಾತು ಆಮೇಲಿನದು. ಕಾಲಿಡುವುದೇ ಒಂದು ಹೋರಾಟವಾಗಿದ್ದ ನಾಡಿನಲ್ಲಿ ದಾರಿಯನ್ನು ಬರಿಯ ಸೊಬಗಿನ ವಸ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇದೇ ಕಾರಣಕ್ಕೆ ಗೇಟು ಇನ್ನಷ್ಟು ಅಪಾಯ. ಕಾನೂನಿನ ಪ್ರಕಾರ ಎಲ್ಲರ ಸ್ವತ್ತಾಗಿರುವ ದಾರಿಯಲ್ಲಿ ನಡೆಯಬೇಡ ಅನ್ನಲು ಇವತ್ತು ಯಾರಿಗೂ ಅಧಿಕಾರವಿಲ್ಲ, ಅಂದರೆ ಕೇಸಾಗುತ್ತದೆ. ಗೇಟಿನ ಬೀಗದ ಕೈ ಮಾತ್ರ ಯಾರದೋ ಮನೆಯ ಮೊಳೆಗೆ ನೇತುಹಾಕಿರುತ್ತದೆ. ಆ ಮನೆ ಯಾವ ಬೀದಿಯಲ್ಲಿರುತ್ತದೆ ಅನ್ನುವುದನ್ನು ಹಳ್ಳಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬರಿಗಾಲಿನವರು ಬರಬೇಡಿ, ದನ ತರಬೇಡಿ, ಗುಂಪು ಕೂರಬೇಡಿ ಅನ್ನುವ ಬೋರ್ಡಿನಲ್ಲಿ ಜಾತಿಯ ಹೆಸರು ಇರುವುದಿಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಎರಡನೆಯ ಆಕ್ಷೇಪ ಹೆಣ್ಣುಮಕ್ಕಳ ಹೆಸರಲ್ಲಿ ಬರುತ್ತದೆ. ಬೇಲಿ ಇದ್ದರೆ, ದೀಪ ಇದ್ದರೆ, ಗೇಟಲ್ಲೊಬ್ಬ ವಾಚ್‌ಮನ್ ಇದ್ದರೆ ಹೆಂಗಸರು ಧೈರ್ಯವಾಗಿ ಬರುತ್ತಾರೆ ಅನ್ನುತ್ತಾರೆ. ಇದನ್ನು ತಳ್ಳಿಹಾಕಲಾರೆ. ಮೈಸೂರಿನಲ್ಲಿದ್ದಾಗ ನಾನು ಓಡುವುದು ಕುಕ್ಕರಹಳ್ಳಿ ಕೆರೆಯ ಸುತ್ತ. ಅಲ್ಲಿ ಗೇಟಿದೆ, ಹೊತ್ತಿನ ಕಟ್ಟುಪಾಡಿದೆ. ಆದರೂ ನನ್ನ ಧೈರ್ಯ ಬರುವುದು ಗೇಟಿನಿಂದಲ್ಲ, ಆ ಹೊತ್ತಿಗೆ ಅಲ್ಲಿರುವ ನೂರಾರು ಜನರಿಂದ. ಬೆಳಗಿನ ಜಾವ ಅಲ್ಲಿ ಮುದುಕರಿದ್ದಾರೆ, ಹಕ್ಕಿ ನೋಡುವವರಿದ್ದಾರೆ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರಿದ್ದಾರೆ. ಹಳ್ಳಿಯ ತೋಪಿನಲ್ಲಿ ಅಂಥ ಕಣ್ಣುಗಳು ಯಾರದ್ದು? ಮೇಕೆ ಹುಡುಗನದು, ಹೊಂಗೆ ಬೀಜದ ಅಜ್ಜಿಯದು, ಹುಣಸೆ ಬಡಿಯುವವರದು. ಅವರನ್ನೆಲ್ಲ ಆಚೆ ಕಳಿಸಿ ಬೇಲಿ ಹಾಕಿದ ಮೇಲೆ ಉಳಿಯುವುದು ಸಂಜೆ ಆರರ ಮೇಲೆ ಬೇಲಿ ಹಾರಿ ಬಂದು ಬಾಟಲಿ ಒಡೆಯುವವರು. ಆಗ ಆ ಬೇಲಿ ನನ್ನನ್ನು ಕಾಯುವುದಿಲ್ಲ, ನಾನು ಓಡಿ ಪಾರಾಗಬೇಕಾದ ಕಡೆಗೆ ಅಡ್ಡ ನಿಲ್ಲುತ್ತದೆ. ನಾಲ್ಕು ದಿಕ್ಕಿಗೂ ತೆರೆದಿರುವ, ಹಗಲೆಲ್ಲ ಜನ ಹಾದುಹೋಗುವ ದಾರಿಯೇ ಹೆಣ್ಣಿಗೆ ಮೇಲು.

ಮೂರನೆಯ ಆಕ್ಷೇಪ ಪರಿಸರದ್ದು: ಜನ ನುಗ್ಗಿದರೆ ಕಾಡು ಉಳಿಯುತ್ತದೆಯೇ? ಇಲ್ಲಿ ಕಾಡು ಅನ್ನುವ ಒಂದೇ ಪದಕ್ಕೆ ಎರಡು ನೆಲಗಳನ್ನು ಕಟ್ಟಿಹಾಕಿ ಗೊಂದಲ ಮಾಡುತ್ತಿದ್ದೇವೆ. ನಮ್ಮಿಂದ ದೂರವಲ್ಲದ ಮುತ್ತತ್ತಿಯ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಭಾಗ. ಅಲ್ಲಿಂದ ಆನೆಗಳು ಶಿಂಷಾ ಸೀಮೆಯ ಕಬ್ಬಿನ ಗದ್ದೆಗಳವರೆಗೆ ಬರುತ್ತವೆ, ರೈತ ರಾತ್ರಿಯೆಲ್ಲ ಪಟಾಕಿ ಹಿಡಿದು ಕೂರುತ್ತಾನೆ. ಮೇಲುಕೋಟೆಯ ಕಾಡನ್ನು 1974ರಲ್ಲಿ ತೋಳಗಳಿಗಾಗಿ ವನ್ಯಧಾಮ ಮಾಡಿದ್ದಾರೆ. ಅಂಥ ಕಡೆ ಒಂದೇ ಒಂದು ಜಾಗಿಂಗ್ ದಾರಿಯೂ ಬೇಡ. ಇಂಟರ್‌ಲಾಕಿನದೂ ಬೇಡ, ಮಣ್ಣಿನದೂ ಬೇಡ. ಅದು ನಮ್ಮ ಅಂಗಳವಲ್ಲ. 2024ರ ಜನವರಿ ಕೊನೆಯಲ್ಲಿ ಸಾಲು ರಜೆ ಬಂತು ಅಂತ ಸಾವಿರಾರು ಜನ ಕುಮಾರಪರ್ವತ ಹತ್ತಿ, ಕೊನೆಗೆ ಆನ್‌ಲೈನ್ ಬುಕಿಂಗ್ ಇಲ್ಲದೆ ಚಾರಣವೇ ಇಲ್ಲ ಅಂತ ಸರ್ಕಾರ ತಡೆ ಹಾಕಬೇಕಾಯಿತು. ಊರ ಮಗ್ಗುಲಿನ ತೋಪು, ಏರಿ, ಹಳ್ಳದ ದಡಗಳನ್ನು ನಡೆಯಲು ಬಾರದಂತೆ ಕೆಡಿಸಿಟ್ಟ ಮೇಲೆ ಮರ ನೋಡಲು ಎಲ್ಲರೂ ಒಂದೇ ಗುಡ್ಡಕ್ಕೆ ಮುಗಿಬೀಳುವುದು ಸಹಜ. ದಿನನಿತ್ಯದ ಹಸಿರು ಬಾಗಿಲಲ್ಲೇ ಇದ್ದರೆ ದೊಡ್ಡ ಕಾಡಿಗೆ ಸ್ವಲ್ಪ ಬಿಡುವು ಸಿಕ್ಕೀತು.

ಊರ ನಡುವಿನ ಮರಗಳು ಬೇಲಿಯಿಲ್ಲದೆ ಉಳಿಯುತ್ತವೆಯೇ ಅನ್ನುವವರು ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬರಲಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆ ಹಿತ್ತಲಿನ, ಬೀದಿಯ ಹುಣಸೆ, ಆಲ, ಅರಳಿ ಮರಗಳಲ್ಲಿ. ಕೆಳಗೆ ಮಕ್ಕಳು ಆಡುತ್ತವೆ, ಎತ್ತು ಕಟ್ಟಿರುತ್ತಾರೆ, ಹೆಂಗಸರು ರಾಗಿ ಹರವಿರುತ್ತಾರೆ. ಹಕ್ಕಿ ಗೂಡು ಕಟ್ಟಿದ ಹುಣಸೆಯ ಫಸಲು ಕೈಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು, 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಊರಿನವರ ಓಡಾಟ ತಡೆದು ಹಕ್ಕಿ ಉಳಿಸಿದ ಊರಲ್ಲ ಅದು. ಮರ ತಮ್ಮದು, ಹಕ್ಕಿ ತಮ್ಮ ಮನೆಯ ಮಗಳು ಅಂದುಕೊಂಡ ಜನರ ನಡುವೆ ಹಕ್ಕಿ ಉಳಿಯಿತು.

ಬೇರೆ ದೇಶದಲ್ಲಿ ದಾರಿಗಾಗಿ ಜನ ಜೈಲಿಗೆ ಹೋಗಿದ್ದಾರೆ. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಗುಡ್ಡಕ್ಕೆ, ಜಮೀನ್ದಾರರ ಬೇಟೆಯ ನೆಲಕ್ಕೆ, ನೂರಾರು ಕಾರ್ಮಿಕ ಯುವಕರು ಅಪ್ಪಣೆಯಿಲ್ಲದೆ ನಡೆದುಹೋದರು. ಐವರಿಗೆ ಸೆರೆಮನೆಯಾಯಿತು. ಅಂಥ ಒತ್ತಾಯಗಳು ಬೆಳೆಯುತ್ತ ಬಂದು, 1949ರ ಕಾಯ್ದೆ ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಅಳೆದು ನಕಾಶೆಗೆ ಹಾಕಿ ಅಂತ ಸ್ಥಳೀಯ ಆಡಳಿತಗಳಿಗೆ ಹೇಳಿತು. ಅವರು ನಕಾಶೆಗಾಗಿ ಹೋರಾಡಬೇಕಾಯಿತು. ನಮ್ಮಲ್ಲಿ ನಕಾಶೆ ಆಗಲೇ ಇದೆ, ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹೋರಾಟ ಮಾತ್ರ ಬಾಕಿ.

ನನ್ನ ಒತ್ತಾಯ ಇಷ್ಟು. ಯಾವುದೇ ಗ್ರಾಮ ಪಂಚಾಯಿತಿ ಒಂದಡಿ ಹೊಸ ಟ್ರ್ಯಾಕ್ ಹಾಕುವ ಮೊದಲು ತನ್ನ ಊರುಗಳ ಗ್ರಾಮನಕಾಶೆಯನ್ನು ದೊಡ್ಡದಾಗಿ ಗೋಡೆಯ ಮೇಲೆ ಬರೆಸಲಿ. ಎಲ್ಲಿ ದಾರಿ, ಎಲ್ಲಿ ತೋಪು, ಎಲ್ಲಿ ಗೋಮಾಳ ಅಂತ ಓದು ಬಾರದವರಿಗೂ ಕಾಣುವಂತೆ ಬಣ್ಣ ಹಚ್ಚಲಿ. ಗ್ರಾಮಸಭೆಯಲ್ಲಿ ಆ ದಾರಿಗಳನ್ನು ಒಂದೊಂದಾಗಿ ಕೂಗಿ, ಅಳತೆ ಮಾಡಿಸಿ, ಬಾಂದು ಹಾಕಿಸಲಿ. ಹೊಲದ ದಾರಿಗಳಿಗೆ 'ನಮ್ಮ ಹೊಲ ನಮ್ಮ ದಾರಿ' ಅನ್ನುವ ಯೋಜನೆಯನ್ನೇ ಮಾಡಿದವರಿಗೆ ಇದು ಹೊಸ ವಿದ್ಯೆಯಲ್ಲ. ಬಿಡಿಸಿದ ದಾರಿಗೆ ಮಣ್ಣೇ ಇರಲಿ. ಎರಡು ಕಡೆ ಹೊಂಗೆ, ಬೇವು, ಹುಣಸೆ ನೆಡಲಿ. ಊರಿಂದ ತೋಪಿಗೆ, ತೋಪಿನಿಂದ ಕೆರೆಗೆ, ಕೆರೆಯಿಂದ ಪಕ್ಕದೂರಿಗೆ ಬೆಸೆದರೆ ಯಾವ ಸುತ್ತೂ ಹೊಡೆಯದೆ ಐದಾರು ಕಿಲೋಮೀಟರ್ ಓಡಬಹುದು. ನೇರವಾದ ಒಂದು ಕಡೆ ನೂರು ನೂರು ಮೀಟರಿಗೆ ಒಂದು ಕಲ್ಲು ನೆಟ್ಟು ಸುಣ್ಣ ಬಳಿಯಲಿ, ಹದಿನಾರು ಕಲ್ಲು ಸಾಕು, ಪೊಲೀಸ್ ಪರೀಕ್ಷೆಯ ಹುಡುಗರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇಡ. ದೀಪ ಹಾಕುವುದಾದರೆ ದಾರಿ ರಸ್ತೆಗೆ ಸೇರುವ ಕಡೆ ಹಾಕಲಿ. ತೋಪಿನೊಳಗೆ ಗೂಬೆ, ಬಾವಲಿ ತಮ್ಮ ಪಾಡಿಗೆ ಇರಲಿ. ಬೇಲಿ, ಗೇಟು, ಟಿಕೆಟು, ಕಮಾನು ಯಾವುದೂ ಬೇಡ.

ಈ ಪತ್ರಿಕೆ ಓದುವವರಲ್ಲಿ ಬಹಳ ಜನ ಹಳ್ಳಿಯಿಂದ ಓದಲು ಹೊರಟು ಊರಿಗೆ ಹಬ್ಬಕ್ಕೆ ಮಾತ್ರ ಹೋಗುವವರು ಅನ್ನುವುದು ನನಗೆ ಗೊತ್ತು. ಮುಂದಿನ ಸಲ ಹೋದಾಗ ನಿಮ್ಮೂರ ನಕಾಶೆಯನ್ನು ಫೋನಿಗೆ ಇಳಿಸಿಕೊಂಡು ಹೋಗಿ. ಒಂದು ಚುಕ್ಕೆಗೆರೆ ಆರಿಸಿಕೊಳ್ಳಿ. ಊರಿನ ಒಬ್ಬ ಹಳಬರನ್ನೂ, ಕೇರಿಯ ಒಬ್ಬರನ್ನೂ, ಓಡುವ ಹುಡುಗ ಹುಡುಗಿಯರನ್ನೂ ಜೊತೆಗೆ ಕರೆದುಕೊಂಡು ಅದರ ಮೇಲೆ ಕೊನೆಯವರೆಗೆ ನಡೆಯಿರಿ. ಎಲ್ಲಿ ಕಬ್ಬು ಅಡ್ಡ ಬರುತ್ತದೋ ಅಲ್ಲಿ ನಿಂತು ಸರ್ವೆ ನಂಬರ್ ಬರೆದುಕೊಳ್ಳಿ. ಅದನ್ನು ಅರ್ಜಿಯಲ್ಲಿ ಹಾಕಿ ಪಂಚಾಯಿತಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಬೈಗುಳ ಬರುತ್ತದೆ, ಬಂಧುಗಳಿಂದಲೇ ಬರುತ್ತದೆ, ಯಾಕಂದರೆ ಎಷ್ಟೋ ಕಡೆ ಒತ್ತಿದವರು ನಮ್ಮ ಚಿಕ್ಕಪ್ಪ, ದೊಡ್ಡಪ್ಪಂದಿರೇ. ಆ ಬೈಗುಳಕ್ಕೆ ಹೆದರಿ ನಾವು ಸುಮ್ಮನಿದ್ದಷ್ಟು ದಿನ ನಮ್ಮ ಬೀದಿಯ ಹುಡುಗ ಕಬ್ಬಿನ ಟ್ರ್ಯಾಕ್ಟರಿನ ಪಕ್ಕದಲ್ಲಿ ಆರೂವರೆ ನಿಮಿಷ ಎಣಿಸುತ್ತಲೇ ಇರುತ್ತಾನೆ.